ಕಾಂಡರ್ 2: ಮಲೆನಾಡಿನ ಮನೆಯಲ್ಲಿ ಕೂತು ವಿಂಚ್ ಲಾಂಚ್ ಕಲಿಯಬಹುದೇ?

ವಿಂಚ್‌ನಿಂದ, ಅಂದರೆ ನೆಲದ ಮೇಲೆ ನಿಂತು ಉದ್ದ ಕೇಬಲ್ ಸುತ್ತಿಕೊಳ್ಳುವ ಯಂತ್ರದಿಂದ, ಎಂಜಿನ್ ಇಲ್ಲದ ಗ್ಲೈಡರನ್ನು ಮೇಲಕ್ಕೆ ಎಳೆಯಲು ಸುಮಾರು ಒಂದು ಕಿಲೋಮೀಟರ್ ನೇರ, ಸಮತಟ್ಟು ಬಯಲು ಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಷ್ಟು ದೂರ ನೇರಕ್ಕೆ ನಡೆದರೆ ನಡುವೆ ಒಂದು ಗುಡ್ಡ, ಎರಡು ಅಡಿಕೆ ತೋಟ, ಒಂದು ಹಳ್ಳ ಬಂದೇ ಬರುತ್ತದೆ. 2023ರಲ್ಲಿ ಶುರುವಾದ ಸೋಗಾನೆಯ ವಿಮಾನ ನಿಲ್ದಾಣವೇನೋ ಸಮತಟ್ಟಾಗಿದೆ, ಆದರೆ ಅದು ಪ್ರಯಾಣಿಕ ವಿಮಾನಗಳ ಜಾಗ. ಹಾಗಾಗಿ ಶಿವಮೊಗ್ಗದ ಆಸಕ್ತರು ಪುಣೆಯ ಹಡಪ್ಸರ್‌ನಂಥ ಗ್ಲೈಡಿಂಗ್ ಮೈದಾನಕ್ಕೆ ಹೋಗುವ ಮುಂಚೆ ಲ್ಯಾಪ್‌ಟಾಪಿನಲ್ಲಿ ಒಂದಿಷ್ಟು ಕೈ ಪಳಗಿಸಿಕೊಳ್ಳಲು ನೋಡುತ್ತಾರೆ. ಅದಕ್ಕೆ ಕಾಂಡರ್ 2 ಎಷ್ಟು ಉಪಯೋಗ?

ಇದು ಗ್ಲೈಡರ್‌ಗೆಂದೇ ಮಾಡಿದ, ಸ್ಲೊವೇನಿಯಾ ಮೂಲದ ವಿಂಡೋಸ್ ಸಿಮ್ಯುಲೇಟರ್. ಏರೋಟೋ (ಇನ್ನೊಂದು ವಿಮಾನ ಎಳೆದೊಯ್ಯುವುದು), ವಿಂಚ್, ಆಕಾಶದಲ್ಲೇ ಆರಂಭ, ಮೂರೂ ಉಂಟು. ಥರ್ಮಲ್ (ಬಿಸಿಯಾಗಿ ಮೇಲೇಳುವ ಗಾಳಿ) ಹಿಡಿಯುವುದು, ಗುಡ್ಡದ ಮೈಗೆ ಬಡಿದು ಮೇಲೇಳುವ ಗಾಳಿಯಲ್ಲಿ ಓಡಾಡುವುದು ಇದರ ನಿಜವಾದ ಬಲ. ವಿಂಚ್‌ನ ಮಟ್ಟಿಗೆ ನಮ್ಮ ತೀರ್ಪು ಇಷ್ಟು: ಕೇಬಲ್ ತುಂಡಾದ ಮೇಲೆ ಮಾಡಬೇಕಾದ್ದನ್ನು ರೂಢಿಸಿಕೊಳ್ಳಲು ಒಳ್ಳೆಯದು, ಮೊದಲ ಹತ್ತು ಸೆಕೆಂಡು ಕಲಿಯಲು ಸಾಲದು.

ಆ ಹತ್ತು ಸೆಕೆಂಡಿನಲ್ಲೇ ಅಪಾಯ ಜಾಸ್ತಿ. ವಿಂಚ್ ಎಳೆದಾಗ ಗ್ಲೈಡರ್ ಮೂರು ಸೆಕೆಂಡಿನ ಆಸುಪಾಸಿನಲ್ಲಿ ನೆಲ ಬಿಡುತ್ತದೆ, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ರೆಕ್ಕೆ ಒಂದು ಕಡೆಗೆ ವಾಲಿ, ಸರಿಪಡಿಸಲು ಆಗದು ಎನ್ನಿಸಿದರೆ ಅದರ ತುದಿ ನೆಲ ಮುಟ್ಟುವ ಮೊದಲೇ ಕೇಬಲ್ ಬಿಡಬೇಕು. ಮುಟ್ಟಿದ ಮೇಲೆ ಬಿಟ್ಟರೆ ಗ್ಲೈಡರ್ ಪಲ್ಟಿ ಹೊಡೆಯಬಹುದು. ನೆಲ ಬಿಟ್ಟ ಕೂಡಲೇ ಮೂತಿ ಎತ್ತುವುದು ಎರಡನೇ ತಪ್ಪು. ವೇಗ ಸಾಕಷ್ಟಾಗಿ, ಇನ್ನೂ ಏರುತ್ತಿದೆ ಎಂದು ಕಂಡ ಮೇಲೆ, ಸೆಕೆಂಡಿಗೆ 10 ಡಿಗ್ರಿ ಮೀರದಂತೆ ಎತ್ತುತ್ತ ಹೋಗಬೇಕು. ಮೂತಿ ಬೇಗ ಎತ್ತಿ ರೆಕ್ಕೆ ಹೊರುವ ಭಾರ ಎರಡು ಪಟ್ಟಾದರೆ ಸ್ಟಾಲ್ ವೇಗ (ಇದಕ್ಕಿಂತ ಇಳಿದರೆ ರೆಕ್ಕೆಗೆ ಎತ್ತಿಹಿಡಿಯುವ ಬಲ ಸಾಲದು) 1.4 ಪಟ್ಟಾಗುತ್ತದೆ. ಮಾಮೂಲಿಗೆ ಗಂಟೆಗೆ 65 ಕಿ.ಮೀ.ಗೆ ಸ್ಟಾಲ್ ಆಗುವ ಗ್ಲೈಡರ್ ಆಗ 92ಕ್ಕೇ ಆಗುತ್ತದೆ. ಪರದೆ ವೇಗದ ಮುಳ್ಳನ್ನು ತೋರಿಸುತ್ತದೆ, ಆದರೆ ಆ ಭಾರ ಬೆನ್ನಿಗೆ ತಿಳಿಯುವುದಿಲ್ಲ. ಹಾಗಾಗಿ ಸಿಮ್ಯುಲೇಟರ್‌ನಲ್ಲಿ ಪಳಗಿದವರು ಸ್ಟಿಕ್ಕನ್ನು ಬೇಗ, ಜಾಸ್ತಿ ಎಳೆಯುವ ಚಟ ಕಲಿತುಬಿಡುತ್ತಾರೆ. ಇದನ್ನು ಮರೆಸುವುದು ಆಮೇಲೆ ಇನ್‌ಸ್ಟ್ರಕ್ಟರ್‌ಗೆ ತಲೆನೋವು.

ಕೇಬಲ್ ತುಂಡಾಗುವುದರ ಅಭ್ಯಾಸಕ್ಕೆ ಬಂದರೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಗ್ಗ ತುಂಡಾಗುವ ಸಾಧ್ಯತೆಯನ್ನು ಮೊದಲೇ ಇಟ್ಟುಕೊಳ್ಳಬಹುದು. ಇನ್ನೂ ಒಳ್ಳೆಯ ದಾರಿ ಎಂದರೆ ಪಕ್ಕದಲ್ಲಿ ಕೂತವರು ಹೇಳದೆ ಕೇಳದೆ ಕೇಬಲ್ ಕಳಚುವ ರಿಲೀಸ್ ಒತ್ತುವುದು. ಮನೆಯ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಬಲು ಖುಷಿಯಿಂದ ಮಾಡುತ್ತಾರೆ. ಮೂತಿ 45 ಡಿಗ್ರಿ ಮೇಲಕ್ಕೆತ್ತಿದ್ದಾಗ ಎಳೆತ ನಿಂತರೆ ವೇಗ ಸರ್ರನೆ ಇಳಿಯುತ್ತದೆ. ತಕ್ಷಣ ಸ್ಟಿಕ್ ಮುಂದೊತ್ತಿ ಮೂತಿಯನ್ನು ಮಾಮೂಲಿ ಅಪ್ರೋಚ್‌ಗಿಂತ (ಇಳಿಯಲು ಬರುವಾಗಿನ ಭಂಗಿಗಿಂತ) ತುಸು ಕೆಳಕ್ಕೆ ತನ್ನಿ, ಉಳಿದ ತುಂಡು ಕಳಚಲು ರಿಲೀಸ್ ಎಳೆಯಿರಿ, ಆಮೇಲೆ ಕಾಯಿರಿ. ಈ ಕಾಯುವುದೇ ಕಷ್ಟ. ಮೂತಿ ಕೆಳಗಿದೆ ಎಂದ ಮಾತ್ರಕ್ಕೆ ವೇಗ ಬಂದಿದೆ ಎಂದಲ್ಲ. ಮುಳ್ಳು ಅಪ್ರೋಚ್ ವೇಗ ಮುಟ್ಟುವ ತನಕ ತಿರುಗಿಸುವುದೂ ಬೇಡ, ಏರ್‌ಬ್ರೇಕ್ (ಬೇಗ ಇಳಿಯಲು ರೆಕ್ಕೆಯಿಂದ ಮೇಲೇಳುವ ಫಲಕ) ತೆರೆಯುವುದೂ ಬೇಡ. ಮುಂದೆ ರನ್‌ವೇ ಸಾಕಷ್ಟಿದ್ದರೆ ನೇರ ಇಳಿಯಿರಿ. ಇಲ್ಲದಿದ್ದರೆ ಮಾತ್ರ ತಿರುಗುವ ಯೋಚನೆ. 30, 60, 100, 150 ಮೀಟರ್ ಹೀಗೆ ಬೇರೆ ಬೇರೆ ಎತ್ತರದಲ್ಲಿ ತುಂಡು ಮಾಡಿಸಿ ನೋಡಿದರೆ ಯಾವ ಎತ್ತರದಲ್ಲಿ ಯಾವ ತೀರ್ಮಾನ ಎಂಬುದು ತಲೆಯಲ್ಲಿ ಕೂರುತ್ತದೆ. ಒಂದು ಕೊರತೆ ಮಾತ್ರ ಇಲ್ಲೂ ಉಂಟು: ನಿಜವಾಗಿ ಮೂತಿ ಒತ್ತಿದಾಗ ಹೊಟ್ಟೆ ತೇಲಿದಂತಾಗುತ್ತದೆ, ಹೊಸಬರು ಅದನ್ನೇ ಸ್ಟಾಲ್ ಎಂದುಕೊಂಡು ಮತ್ತಷ್ಟು ಒತ್ತುತ್ತಾರೆ. ಆ ಗಾಬರಿಗೆ ಕುರ್ಚಿಯಲ್ಲಿ ತಯಾರಿಯಿಲ್ಲ.

ಗುಂಡಿಗಳನ್ನು ಜೋಡಿಸಿಕೊಳ್ಳುವುದರಲ್ಲಿ ಸುಮಾರು ಜನ ಎಡವುತ್ತಾರೆ. ಗ್ಲೈಡರ್‌ನಲ್ಲಿ ಹಳದಿ ರಿಲೀಸ್ ಗುಬ್ಬಿ, ನೀಲಿ ಏರ್‌ಬ್ರೇಕ್ ಹಿಡಿ ಎರಡೂ ಎಡಗೈಯವು. ಅದನ್ನು ಬಿಟ್ಟು ರಿಲೀಸನ್ನು ಜಾಯ್‌ಸ್ಟಿಕ್ಕಿನ ಟ್ರಿಗ್ಗರ್‌ಗೆ ಕೊಟ್ಟರೆ ಬಲಗೈ ಕಲಿಯುತ್ತದೆ, ಎಡಗೈ ದಡ್ಡಾಗಿಯೇ ಉಳಿಯುತ್ತದೆ. ಏರ್‌ಬ್ರೇಕಿಗೆ ಎಡಬದಿಯ ಲಿವರ್ ಇರಲಿ. ಏರುವಾಗ ಮುಂದೆ ಬರೀ ಆಕಾಶ ಕಾಣುವುದರಿಂದ ರೆಕ್ಕೆಯ ತುದಿ ದಿಗಂತಕ್ಕೆ ಎಷ್ಟು ಓರೆಯಾಗಿದೆ ಎಂದು ಪಕ್ಕಕ್ಕೆ ತಿರುಗಿ ನೋಡಬೇಕು. ಇದಕ್ಕೆ ತಲೆಯ ಚಲನೆ ಹಿಡಿಯುವ ಸಾಧನವೋ ವಿಆರ್ ಕನ್ನಡಕವೋ ಇದ್ದರೆ ಸರಿ, ಬರೀ ಒಂದು ಪರದೆಯಲ್ಲಿ ಅರ್ಧ ಪಾಠ ತಪ್ಪಿಹೋಗುತ್ತದೆ. ಅಡ್ಡಗಾಳಿ 15 ಕಿ.ಮೀ. ಇಟ್ಟು, ಮೂತಿಯನ್ನು ಗಾಳಿಯ ಕಡೆಗೆ ತುಸು ತಿರುಗಿಸಿ ಏರುವುದನ್ನೂ ಅಭ್ಯಾಸ ಮಾಡಿ. ಇಲ್ಲದಿದ್ದರೆ ಬಿಟ್ಟ ಕೇಬಲ್ ರನ್‌ವೇ ಆಚೆ ಬೀಳುತ್ತದೆ.

ನಮ್ಮ ಕಡೆಯವರಿಗೆ ಎರಡು ಮಾತು. ಪೊಟೆನ್ಷಿಯೊಮೀಟರ್ (ಉಜ್ಜುವ ಸಂಪರ್ಕದಿಂದ ಚಲನೆ ಅಳೆಯುವ ಭಾಗ) ಇರುವ ಅಗ್ಗದ ಜಾಯ್‌ಸ್ಟಿಕ್ಕಿಗೆ ಜಡಿಮಳೆಯ ಥಂಡಿ ಆಗಿಬರುವುದಿಲ್ಲ, ಸಂಪರ್ಕ ಕೆಟ್ಟು ಸ್ಟಿಕ್ ತಾನಾಗೇ ಜಿಗಿಯತೊಡಗುತ್ತದೆ. ಬೆಲೆ ಹೆಚ್ಚಾದರೂ, ಉಜ್ಜದೆ ಆಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್‌ನದ್ದೇ ಕೊಳ್ಳಿ. ಹೆಚ್ಚುವರಿ ಭೂದೃಶ್ಯಗಳ ಕಡತಗಳು ಭಾರೀ ದೊಡ್ಡವು, ಹಳ್ಳಿಯ ನೆಟ್‌ವರ್ಕ್‌ಗೆ ಕಾಯುವ ಬದಲು ಪೇಟೆಗೆ ಬಂದಾಗ ಇಳಿಸಿಕೊಳ್ಳಿ. ವಿಂಚ್ ಅಭ್ಯಾಸಕ್ಕಂತೂ ಜೊತೆಗೇ ಬರುವ ಸ್ಲೊವೇನಿಯಾ ಸಾಕು. ಬೇರೆಯಾಗಿ ಮಾರುವ ಗ್ಲೈಡರ್‌ಗಳನ್ನೂ ಈಗಲೇ ಕೊಳ್ಳಬೇಕಾಗಿಲ್ಲ.