ಸಿಂಗಪುರದಲ್ಲಿ ಒಂದು ಮಧ್ಯಾಹ್ನ: ಅತ್ತೆಯ ಜೊತೆ ಎಂಆರ್‌ಟಿ ಓಡಾಟ

ನಾದಿನಿಯ ಬಾಣಂತನಕ್ಕೆ ಅತ್ತೆಯನ್ನು ಮೆಲ್ಬರ್ನ್‌ಗೆ ಕರೆದುಕೊಂಡು ಹೊರಟಿದ್ದೆವು. ಜೊತೆಗೆ ನಮ್ಮ ಮನೆಯವರು, 8 ವರ್ಷದ ಮಗ. ಸಿಂಗಪುರದಲ್ಲಿ ಇಳಿದಾಗ ಬೆಳಿಗ್ಗೆ 11 ಗಂಟೆ. ಮುಂದಿನ ವಿಮಾನ ರಾತ್ರಿ 11:40ಕ್ಕೆ.

ಟಿಕೆಟ್ ಮಾಡಿಸಿಕೊಟ್ಟವರು 'ಸಿಂಗಪುರದ ವೀಸಾ ಇಲ್ಲ, ಹೊರಗೆ ಬಿಡಲ್ಲ, ಒಳಗೇ ಇರಿ' ಅಂದಿದ್ದರು. ಅದು ಸರಿಯಲ್ಲ. ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಜಪಾನ್‌ನಂಥ ಕೆಲವು ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರು, 96 ಗಂಟೆಯೊಳಗೆ ಮುಂದೆ ಹೊರಡುವ ಟಿಕೆಟ್ ಇದ್ದರೆ, ಊರೊಳಗೆ ಹೋಗಬಹುದು. ಕೊನೆಯ ಮಾತು ಮಾತ್ರ ಇಮಿಗ್ರೇಷನ್ ಅಧಿಕಾರಿಯದ್ದು. ಹೊರಡುವ ಮುಂಚೆ ನಿಯಮ ಒಮ್ಮೆ ನೋಡಿಕೊಳ್ಳಿ. ಸಿಂಗಪುರದೊಳಗೆ ಹೋಗುವವರು ತಮ್ಮ ವಿವರ ಕೊಡುವ ಎಸ್‌ಜಿ ಅರೈವಲ್ ಕಾರ್ಡನ್ನೂ ಆನ್‌ಲೈನಲ್ಲಿ ತುಂಬಬೇಕು. ಸರ್ಕಾರಿ ತಾಣದಲ್ಲಿ ಅದಕ್ಕೆ ದುಡ್ಡಿಲ್ಲ, ಯಾರಿಗೂ ಕೊಡಬೇಡಿ.

ಕೈಚೀಲಗಳನ್ನು ಏರ್‌ಪೋರ್ಟಿನ ಲಗೇಜ್ ಕೌಂಟರಿನಲ್ಲಿಟ್ಟು ನೇರ ರೈಲು ಹತ್ತಿದೆವು. ನನ್ನ ಪೂರ್ತಿ ಮೆಚ್ಚುಗೆ ಈ ಎಂಆರ್‌ಟಿಗೆ, ಅಂದರೆ ಸಿಂಗಪುರದ ಮೆಟ್ರೋಗೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಅಂದರೆ ಹೆದರುತ್ತಾರೆ. ನಾವು ಹತ್ತಿ ಇಳಿದ ಪ್ರತಿ ನಿಲ್ದಾಣದಲ್ಲೂ ಲಿಫ್ಟ್ ಇತ್ತು. ಅವರನ್ನು ನೋಡಿ ಕಾಲೇಜು ಹುಡುಗನೊಬ್ಬ ಕೇಳುವ ಮೊದಲೇ ಸೀಟು ಬಿಟ್ಟುಕೊಟ್ಟ. ಟಿಕೆಟ್ ಕೊಳ್ಳುವ ಕೆಲಸವೂ ಇಲ್ಲ, ಬ್ಯಾಂಕ್ ಕಾರ್ಡ್ ತಟ್ಟಿದರೆ ಗೇಟು ತೆರೆಯುತ್ತದೆ. ಆದರೆ ಒಂದೇ ಕಾರ್ಡನ್ನು ಎಲ್ಲರಿಗೂ ತಟ್ಟಲು ಆಗಲ್ಲ, ತಲೆಗೊಂದು ಬೇಕು. ನಮ್ಮಿಬ್ಬರ ಹತ್ತಿರ ಸೇರಿ ನಾಲ್ಕು ಇದ್ದವು, ಬಚಾವಾದೆವು. ಇನ್ನೊಂದು, ರೈಲಿನಲ್ಲಿ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. 500 ಡಾಲರ್‌ವರೆಗೆ ದಂಡ! ಮಗನ ಕೈಯಲ್ಲಿದ್ದ ಬಿಸ್ಕತ್ತನ್ನು ಬೇಗ ಬ್ಯಾಗಿಗೆ ಹಾಕಿದೆ.

ತಾನಾ ಮೆರಾದಲ್ಲಿ ಒಮ್ಮೆ ರೈಲು ಬದಲಿಸಿ, ಬುಗಿಸ್‌ನಲ್ಲಿ ಡೌನ್‌ಟೌನ್ ಲೈನಿನ ರೈಲು ಹತ್ತಿದರೆ ಭಾರತೀಯರ ಬಡಾವಣೆ ಲಿಟಲ್ ಇಂಡಿಯಾ. ಅತ್ತೆ ಹುಟ್ಟಿದ್ದು ಕೊಳ್ಳೇಗಾಲದಲ್ಲಿ, ತಮಿಳು ಚೆನ್ನಾಗಿ ಬರುತ್ತದೆ. ಬೋರ್ಡುಗಳ ಮೇಲೆ ತಮಿಳು ಕಂಡ ಕೂಡಲೇ ಅವರ ನಡಿಗೆಯೇ ಬದಲಾಯಿತು. ಅಲ್ಲಿಂದ ಮುಂದೆ ದಾರಿ ಕೇಳಿದ್ದೆಲ್ಲ ಅವರೇ. ಹೂವಿನ ಅಂಗಡಿಯಾಕೆಯ ಜೊತೆ ಕಾಲು ಗಂಟೆ ಮಾತಾಡಿ ಒಂದು ಮೊಳ ಮಲ್ಲಿಗೆ ತಗೊಂಡರು. ಮುಡಿದುಕೊಂಡು ನಿಂತಾಗ ಅವರ ಮುಖ ನೋಡಬೇಕಿತ್ತು.

ಊಟ ಸೆರಂಗೂನ್ ರಸ್ತೆಯ ಕೋಮಲ ವಿಲಾಸ್‌ನಲ್ಲಿ. 1947ರಿಂದ ಇರುವ ಸಸ್ಯಾಹಾರಿ ಹೋಟೆಲು. ಬಾಳೆ ಎಲೆ, ಬಿಸಿ ಅನ್ನ, ಸಾಂಬಾರು, ಪಲ್ಯ, ಹಪ್ಪಳ. ಬೆಲ್ಲ ಹಾಕಿದ ನಮ್ಮ ಹುಳಿಯ ರುಚಿ ಅಲ್ಲ, ಅಪ್ಪಟ ತಮಿಳು ಕೈರುಚಿ. ವಿಮಾನದ ತಣ್ಣನೆ ತಿಂಡಿ ತಿಂದು ಬಂದ ಹೊಟ್ಟೆಗೆ ಅಮೃತದ ಹಾಗಿತ್ತು. ಪಕ್ಕದ ವೀರಮಾಕಾಳಿಯಮ್ಮನ ಗುಡಿ ಮಧ್ಯಾಹ್ನ ಬಾಗಿಲು ಹಾಕಿತ್ತು. ಗೋಪುರಕ್ಕೇ ಕೈಮುಗಿದೆವು. ಅತ್ತೆಗೆ ಇದೊಂದು ಬೇಜಾರು ಉಳಿಯಿತು.

ಸೆಕೆ ನಮ್ಮ ಮಂಗಳೂರಿನದೇ. ಹಾಗಾಗಿ ಜಾಸ್ತಿ ಸುತ್ತಲಿಲ್ಲ, ಅಂಗಡಿಗಳ ನೆರಳಲ್ಲೇ ಕಾಲ ಕಳೆದೆವು. ಸಂಜೆ ಅದೇ ಡೌನ್‌ಟೌನ್ ಲೈನಿನಲ್ಲಿ ಬೇಫ್ರಂಟ್ ನಿಲ್ದಾಣಕ್ಕೆ ಬಂದು ಗಾರ್ಡನ್ಸ್ ಬೈ ದ ಬೇ ಎಂಬ ದೊಡ್ಡ ತೋಟ ತಲುಪಿದೆವು. ಗಾಜಿನ ಮನೆಗಳಿಗೆ ಟಿಕೆಟ್ ಇದೆ, ನಾವು ಬಿಟ್ಟೆವು. ಹೊರಗಿನ ತೋಟಕ್ಕೆ ದುಡ್ಡಿಲ್ಲ. ಅಲ್ಲಿ 25ರಿಂದ 50 ಮೀಟರ್ ಎತ್ತರದ ಸೂಪರ್‌ಟ್ರೀಗಳಿವೆ. ಕಬ್ಬಿಣದ ಮರಗಳು, ಮೈತುಂಬ ನಿಜವಾದ ಬಳ್ಳಿ. 7:45ಕ್ಕೆ ದೀಪ, ಸಂಗೀತ ಶುರುವಾಯಿತು. ಜನ ನೆಲದ ಮೇಲೇ ಮಲಗಿ ನೋಡುತ್ತಿದ್ದರು. ಮಗನೂ ಮಲಗಿದ. ಸ್ವಲ್ಪ ಹೊತ್ತಿಗೆ ಅತ್ತೆ ಟವೆಲ್ ಹಾಸಿ ಅವನ ಪಕ್ಕ ಮಲಗಿದರು. ಅವರನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

ಒಂಬತ್ತೂಕಾಲಕ್ಕೆ ಏರ್‌ಪೋರ್ಟ್ ಸೇರಿದೆವು. ಏರ್‌ಪೋರ್ಟಿಗೆ ಸೇರಿದ ಜ್ಯುವೆಲ್ ಮಾಲ್‌ನ 40 ಮೀಟರ್ ಜಲಪಾತವನ್ನು ಐದು ನಿಮಿಷ ನೋಡಿದ್ದಷ್ಟೇ. ಆಸ್ಟ್ರೇಲಿಯಾದಲ್ಲಿ ಹೂವು, ಹಣ್ಣಿಗೆ ತುಂಬಾ ಕಟ್ಟುನಿಟ್ಟು. ವಿಮಾನ ಹತ್ತುವ ಮುಂಚೆ ಅತ್ತೆ ಮಲ್ಲಿಗೆ ತೆಗೆದು, ಕಸ ಗುಡಿಸುತ್ತಿದ್ದ ತಮಿಳು ಹೆಂಗಸಿನ ಕೈಗೆ ಕೊಟ್ಟರು.

ಕಾಯುವುದು ಐದಾರು ಗಂಟೆ ಮಾತ್ರವಿದ್ದು ಹಿರಿಯರು ಜೊತೆಗಿದ್ದರೆ ಹೊರಗೆ ಹೋಗಬೇಡಿ, ಬರೀ ಗಾಬರಿ. ಎಂಟು ಗಂಟೆಗಿಂತ ಜಾಸ್ತಿ ಇದ್ದರೆ ಎರಡೇ ಜಾಗ ಆರಿಸಿಕೊಳ್ಳಿ. ಮುಂದಿನ ವಾರ ನಾವು ಮೂವರೇ ವಾಪಸ್, ಮತ್ತೆ ಸಿಂಗಪುರದಲ್ಲಿ 9 ಗಂಟೆ. ಈ ಸಲ ಸಂಜೆ ಗುಡಿ ತೆಗೆದಿರುತ್ತದೆ. ಅರ್ಚನೆ ಮಾಡಿಸಲು ಅತ್ತೆ ಈಗಲೇ ಹತ್ತು ಡಾಲರ್ ನೋಟು ಕೊಟ್ಟಿದ್ದಾರೆ, ಮೊಮ್ಮಗಳ ನಕ್ಷತ್ರವನ್ನೂ ಬರೆದುಕೊಟ್ಟಿದ್ದಾರೆ.