ಕೋವಿಯ ಬಾಯಿಗೊಂದು ಟಾರ್ಚು: ಸ್ಕೀಟ್ ವೇಗಕ್ಕೆ ಮಿನಿ ಮ್ಯಾಗ್‌ಲೈಟ್ ಎಷ್ಟು ಉಪಯೋಗ?

ಮಿನಿ ಮ್ಯಾಗ್‌ಲೈಟ್ ಕೋವಿಗೆಂದು ಮಾಡಿದ ಸಲಕರಣೆಯೇ ಅಲ್ಲ. ಕ್ಯಾಲಿಫೋರ್ನಿಯಾದ ಒಂಟಾರಿಯೊ ಊರಿನ ಮ್ಯಾಗ್ ಇನ್‌ಸ್ಟ್ರುಮೆಂಟ್ ಕಂಪನಿ 1984ರಲ್ಲಿ ಹೊರತಂದ, ಜೇಬಿನಲ್ಲಿ ಹಿಡಿಸುವ, ಎರಡು ಡಬಲ್ ಎ ಸೆಲ್ಲಿನ ಅಲ್ಯುಮಿನಿಯಂ ಟಾರ್ಚು. ಅದರ ಮೈ ಸುಮಾರು 18 ಮಿಲಿಮೀಟರ್ ದಪ್ಪ. ಹನ್ನೆರಡು ಬೋರಿನ ಕೋವಿಯ ನಳಿಗೆಯ ಒಳವ್ಯಾಸ ಸುಮಾರು 18.5. ನಡುವೆ ಉಳಿಯುವ ಆ ಅರ್ಧ ಮಿಲಿಮೀಟರ್ ಇನ್ಸುಲೇಷನ್ ಟೇಪಿಗೆ ಹೇಳಿ ಮಾಡಿಸಿದ ಜಾಗ. ಈ ಕಾಕತಾಳೀಯದಿಂದಾಗಿ ಕ್ಲೇ ಶೂಟಿಂಗ್ (ಹಾರುವ ಬಿಲ್ಲೆಗೆ ಚರೆ ಹೊಡೆಯುವ ಆಟ) ಮಾಡುವವರ ಮನೆಗಳಲ್ಲಿ ಈ ಟಾರ್ಚು ಕರೆಂಟು ಹೋದಾಗ ಬೆಳಗಿದ್ದಕ್ಕಿಂತ ಕೋವಿಯ ಬಾಯಲ್ಲಿ ಬೆಳಗಿದ್ದೇ ಹೆಚ್ಚಿರಬಹುದು.

ಯಾಕೆ ಬೇಕು ಅನ್ನುವುದಕ್ಕೆ ಒಲಿಂಪಿಕ್ ಸ್ಕೀಟ್‌ನ, ಅಂದರೆ ಮೈದಾನದ ಎರಡು ಬದಿಯ 'ಹೌಸು'ಗಳಿಂದ ಹಾರಿಸುವ ಕ್ಲೇ ಬಿಲ್ಲೆಗೆ ಹೊಡೆಯುವ ಆಟದ, ಗಡಿಯಾರ ನೋಡಬೇಕು. ಶೂಟರ್ ಕೂಗಿ ಕರೆದ ಮೇಲೆ ಕ್ಲೇ ಸೊನ್ನೆಯಿಂದ ಮೂರು ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಹಾರುತ್ತದೆ. ಅದು ಕಣ್ಣಿಗೆ ಬೀಳುವತನಕ ಕೋವಿಯ ಬಟ್ (ಭುಜಕ್ಕೆ ಕೂರುವ ಹಿಂತುದಿ) ಜಾಕೆಟ್ಟಿನ ಮೇಲಿನ ಪಟ್ಟಿಗೆ ತಾಗಿಯೇ ಇರಬೇಕು. 250 ಮಿ.ಮೀ. ಉದ್ದ, 30 ಮಿ.ಮೀ. ಅಗಲ, ಕಪ್ಪು ಅಂಚಿನ ಹಳದಿ ಪಟ್ಟಿ ಅದು. 68 ಮೀಟರ್ ದೂರ ಬೀಳುವಂತೆ ಎಸೆದ ಕ್ಲೇ ಮೈದಾನದ ನಡುಗೂಟವನ್ನು ಒಂದು ಸೆಕೆಂಡಿಗೂ ಮೊದಲೇ ದಾಟಿರುತ್ತದೆ. ಅಷ್ಟರಲ್ಲಿ ನೋಡಬೇಕು, ಕೋವಿ ಭುಜಕ್ಕೇರಿಸಬೇಕು, ಕ್ಲೇಯ ಜೊತೆ ಸಾಗಬೇಕು, ಮುಂದೆ ಹೋಗಬೇಕು, ಈಡು ಬಿಡಬೇಕು. ಜೋಡಿ ಕ್ಲೇ ಇದ್ದರೆ ಎದುರಿನಿಂದ ಇನ್ನೊಂದು ಬರುತ್ತಿರುತ್ತದೆ. ಮೊದಲನೆಯದಕ್ಕೆ ತಡವಾದರೆ ಎರಡನೆಯದು ಕೈಬಿಟ್ಟಂತೆಯೇ.

ವೇಗ ಸಾಲುತ್ತಿಲ್ಲ ಅನ್ನಿಸಿದವರು ಮೊದಲು ಕೈಹಾಕುವುದು ಜೇಬಿಗೆ: ಹೆಚ್ಚು ವೇಗದ ತೋಟಾ ಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಸ್ಕೀಟ್‌ನಲ್ಲಿ ಈಡು ಹೋಗುವುದು ಹೆಚ್ಚುಕಡಿಮೆ 20 ಮೀಟರಿಗೆ. ಸೆಕೆಂಡಿಗೆ 400 ಮೀಟರ್ ವೇಗದ ತೋಟಾದ ಬದಲು 420ರದ್ದು ಹಾಕಿದರೆ ಚರೆ ಕ್ಲೇಯನ್ನು ಮುಟ್ಟುವಲ್ಲಿ ಉಳಿಯುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡೋ ಮೂರೋ ಪಾಲು. ಕೋವಿ ಭುಜಕ್ಕೆ ಬರುವ ದಾರಿಯಲ್ಲಿ ಬಾಯಿ ಒಮ್ಮೆ ಕೆಳಗಿಳಿದು ಮೇಲೆದ್ದರೆ ಕಳೆದುಹೋಗುವುದು ಅದರ ಮೂವತ್ತು ನಲವತ್ತು ಪಟ್ಟು. ಟಾರ್ಚು ತೋರಿಸುವುದು ಈ ಎರಡನೆಯ ನಷ್ಟವನ್ನು. ಅದನ್ನು ಮಾತ್ರ, ಆದರೆ ಅದನ್ನು ನಿರ್ದಾಕ್ಷಿಣ್ಯವಾಗಿ.

ಕೂರಿಸುವ ವಿಧಾನ ಸುಲಭ, ಆದರೆ ಅವಸರ ಬೇಡ. ಟಾರ್ಚಿನ ಮೈಗೆ ಎರಡು ಕಡೆ, ಬಾಲದ ಹತ್ತಿರ ಒಂದು, ತಲೆಯ ಕೆಳಗೆ ಒಂದು, ಇನ್ಸುಲೇಷನ್ ಟೇಪನ್ನು ಒಂದೊಂದು ಸುತ್ತು ಹಾಕಿ. ಬಾಲದ ಕಡೆಯಿಂದ ನಳಿಗೆಗೆ ತೂರಿಸಿ. ಬೆರಳಿನ ಒತ್ತಡಕ್ಕೆ ಹೋಗಬೇಕು, ಎರಡು ಬೆರಳಲ್ಲಿ ಎಳೆದರೆ ಬರಬೇಕು. ಒಳಗೆ ದೊಡ್ಡ ಬೋರು ಕೊರೆದ ಕೋವಿಗಳಿಗೆ, ಅಂದರೆ 18.8ರ ಆಸುಪಾಸಿನವಕ್ಕೆ, ಇನ್ನೊಂದು ಸುತ್ತು ಬೇಕಾಗುತ್ತದೆ. ಟೇಪಿಲ್ಲದೆ ಹಾಗೇ ತೂರಿಸಿದರೆ ಚೋಕಿನ, ಅಂದರೆ ಬಾಯಿಯ ಬಳಿ ನಳಿಗೆ ಕಿರಿದಾಗುವ ಭಾಗದ, ಒಳಮೈ ಗೀಚುತ್ತದೆ, ಬೆಳಕೂ ಕೋವಿ ಅಲುಗಿದಾಗಲೆಲ್ಲ ಗಡಗಡ ಅಲ್ಲಾಡಿ ತಪ್ಪು ಯಾರದು ಅನ್ನುವುದೇ ತಿಳಿಯುವುದಿಲ್ಲ. ಸ್ಕೀಟ್ ಚೋಕು ಅಥವಾ ಸಿಲಿಂಡರ್ (ಕಿರಿದಾಗದ ಬಾಯಿ) ಇದ್ದರೆ ತೊಂದರೆಯಿಲ್ಲ. ಟ್ರ್ಯಾಪ್ ಎಂಬ ಇನ್ನೊಂದು ಕ್ಲೇ ಆಟದ ಕೋವಿಯ ಫುಲ್ ಚೋಕಿನಲ್ಲಿ ಬಾಯಿ ಸುಮಾರು ಒಂದು ಮಿಲಿಮೀಟರ್ ಕಿರಿದಾಗಿರುವುದರಿಂದ ಇದು ಹೋಗುವುದೇ ಇಲ್ಲ. ಒತ್ತಿ ತುರುಕಬೇಡಿ.

ಮೇಲೆ ಕೆಳಗೆ ಜೋಡಿಸಿದ ನಳಿಗೆಗಳಿದ್ದರೆ ಕೆಳಗಿನದಕ್ಕೇ ಹಾಕಿ. ಟಾರ್ಚಿನ ತಲೆ 25 ಮಿಲಿಮೀಟರ್ ಅಗಲ. ಮೇಲಿನ ನಳಿಗೆಗೆ ಹಾಕಿದರೆ ಅದು ರಿಬ್ಬಿನ (ನಳಿಗೆಯ ಮೇಲಿನ ಗುರಿಪಟ್ಟಿಯ) ಮಟ್ಟಕ್ಕೆ ಹತ್ತಿರ ಬಂದು ಕಣ್ಣಿಗೆ ಅಡ್ಡ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯವೂ ಇಲ್ಲೇ ಇದೆ. ಕೋವಿಯ ಬಾಯಲ್ಲಿ ಟಾರ್ಚು ಅಂದರೆ ಅಡಚಣೆ. ಅದನ್ನು ಮರೆತು ಈಡು ಬಿಟ್ಟರೆ ನಳಿಗೆ ಸೀಳುತ್ತದೆ, ಜೀವವೂ ಹೋಗಬಹುದು. ಆದ್ದರಿಂದ ತೋಟಾ ಇರುವ ಕೋಣೆಯಲ್ಲಿ ಈ ಅಭ್ಯಾಸ ಕೂಡದು. ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದು, ತೋಟಾ ಕೂರುವ ಎರಡೂ ಗೂಡು ಬೆರಳಿಟ್ಟು ನೋಡಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟಾ) ಹಾಕಿ, ಆಮೇಲಷ್ಟೇ ಟಾರ್ಚು. ಮುಗಿದ ಮೇಲೆ ಟಾರ್ಚನ್ನೂ ಸ್ನ್ಯಾಪ್ ಕ್ಯಾಪನ್ನೂ ತೆಗೆದು, ನಳಿಗೆಗಳ ಮೂಲಕ ದೀಪದ ಕಡೆ ನೋಡಿ. ಟಾರ್ಚನ್ನು ಮರೆಯುವವರು ಕಡಿಮೆ, ಕಿತ್ತುಬಂದ ಟೇಪಿನ ಚೂರು ಒಳಗೇ ಉಳಿದದ್ದನ್ನು ಗಮನಿಸದವರು ಹೆಚ್ಚು. ಅದೂ ಅಡಚಣೆಯೇ. ಇನ್ನೊಂದು ಸಣ್ಣ ಮಾತು: ಕಿಟಕಿಯ ಪರದೆ ಎಳೆಯಿರಿ. ರಾತ್ರಿ ಎದುರುಮನೆಯವರಿಗೆ ಗೋಡೆಯ ಮೇಲೆ ಓಡುವ ಬೆಳಕೂ ಕೋವಿಯ ನೆರಳೂ ಒಟ್ಟಿಗೆ ಕಂಡರೆ ಲೈಸೆನ್ಸ್ ತೋರಿಸುವ ಕೆಲಸ ಬರುತ್ತದೆ.

ಈಗ ಕಸರತ್ತು. ಗೋಡೆಯಿಂದ ನಾಲ್ಕೈದು ಮೀಟರ್ ದೂರ ನಿಲ್ಲಿ. ಟಾರ್ಚಿನ ತಲೆ ತಿರುಗಿಸಿ ಬೆಳಕನ್ನು ಎಷ್ಟು ಚಿಕ್ಕದಾಗುತ್ತದೋ ಅಷ್ಟು ಚಿಕ್ಕದು ಮಾಡಿ. ಗೋಡೆಯೂ ತಾರಸಿಯೂ ಸೇರುವ ಗೆರೆಯೇ ನಿಮ್ಮ ಕ್ಲೇಯ ದಾರಿ. ಬಟ್ ಪಟ್ಟಿಯ ಮೇಲೆ, ಬೆಳಕು ಗೆರೆಯ ಎಡತುದಿಯಲ್ಲಿ. ಅಲ್ಲಿಂದ ಗೆರೆಯುದ್ದಕ್ಕೂ ಬಲಕ್ಕೆ ಸಾಗುತ್ತಾ ಕೋವಿಯನ್ನು ಏರಿಸಬೇಕು. ಬೆಳಕು ಗೆರೆ ಬಿಡಬಾರದು. ಬಟ್ ಭುಜಕ್ಕೆ ಕೂತಾಗ ಸ್ಟಾಕು (ಕೋವಿಯ ಹಿಂಭಾಗದ ಮರ) ಕೆನ್ನೆಗೂ ತಾಗಿರಬೇಕು, ಬೆಳಕು ಇನ್ನೂ ಸಾಗುತ್ತಿರಬೇಕು. ಮೊದಲ ವಾರ ಇದನ್ನು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವಷ್ಟು ನಿಧಾನವಾಗಿ ಮಾಡಿ. ದಿನಕ್ಕೆ ಎಡದಿಂದ ಬಲಕ್ಕೆ ಹನ್ನೆರಡು, ಬಲದಿಂದ ಎಡಕ್ಕೆ ಹನ್ನೆರಡು ಸಾಕು. ಮೂರೂವರೆ ಕೆ.ಜಿ. ಆಸುಪಾಸಿನ ಕೋವಿಯನ್ನು ಐವತ್ತು ಸಲ ಏರಿಸಿದರೆ ತೋಳು ಸೋತು, ಸೋತ ತೋಳಿನ ತಪ್ಪುಗಳೇ ಅಭ್ಯಾಸವಾಗುತ್ತವೆ.

ಬೆಳಕು ಏನು ಬರೆಯುತ್ತದೆ ಅನ್ನುವುದನ್ನು ಓದಲು ಕಲಿತರೆ ಕೊಟ್ಟ ದುಡ್ಡು ವಸೂಲು. ಆರಂಭದಲ್ಲಿ ಹೆಚ್ಚಿನವರ ಬೆಳಕು ಗೆರೆಯಿಂದ ಕೆಳಗೆ ಬೀಳುತ್ತದೆ. ಇದು ಏತದ ಕಥೆ: ಹಿಂದಿನ ಕೈ ಬಟ್ಟನ್ನು ಎತ್ತುತ್ತದೆ, ಮುಂದಿನ ಕೈ ಸುಮ್ಮನೆ ನಿಂತಿರುತ್ತದೆ, ಹಿಂದು ಮೇಲೆ ಹೋದಷ್ಟು ಮುಂದು ಕೆಳಗೆ. ಮೈದಾನದಲ್ಲಿ ಇದೇ ಕ್ಲೇಯ ಕೆಳಗೆ ಹಾರುವ ಈಡು. ಫೋರ್‌ಎಂಡ್ (ನಳಿಗೆಯ ಕೆಳಗಿನ ಹಿಡಿ) ಹಿಡಿದ ಕೈಯ ತೋರುಬೆರಳನ್ನು ನಳಿಗೆಯ ಉದ್ದಕ್ಕೆ ಚಾಚಿ, ಆ ಬೆರಳಿನಿಂದ ಗೆರೆಯನ್ನು ತೋರಿಸುತ್ತಿದ್ದೇನೆ ಎಂದುಕೊಂಡು ಏರಿಸಿ. ಮುಂದಿನ ಕೈ ಮೊದಲು ಹೊರಟು ಹಿಂದಿನದು ಅದನ್ನು ಹಿಂಬಾಲಿಸಿದರೆ ಬೀಳುವುದು ನಿಲ್ಲುತ್ತದೆ.

ಬೆಳಕು ಕಾಮನಬಿಲ್ಲಿನಂತೆ ಮೇಲೆದ್ದು ಕೊನೆಗೆ ಗೆರೆಗೆ ಇಳಿದರೆ ಸಾಮಾನ್ಯವಾಗಿ ಭುಜಗಳು ಸೊಂಟದ ಜೊತೆ ತಿರುಗುತ್ತಿಲ್ಲ, ತೋಳುಗಳೊಂದೇ ತೂಗುತ್ತಿವೆ. ಕಾಲಿನ ನಿಲುವು ತಪ್ಪಿದ್ದರೂ ಹೀಗಾಗುತ್ತದೆ. ದೇಹ ಸುಲಭವಾಗಿ ತಿರುಗುವ ಕೊನೆ ಈಡು ಬಿಡುವ ಜಾಗದಲ್ಲಿರಬೇಕು, ಆರಂಭದಲ್ಲಲ್ಲ. ಇನ್ನು ಬೆಳಕು ಸರಿಯಾಗಿ ಸಾಗಿ, ಕೊನೆಯ ಕ್ಷಣದಲ್ಲಿ ಚಟಕ್ಕನೆ ಪಕ್ಕಕ್ಕೆ ಹಾರಿದರೆ ತಪ್ಪು ತಲೆಯದು. ಸ್ಟಾಕು ಕೆನ್ನೆಗೆ ಬರುವ ಬದಲು ಕೆನ್ನೆ ಸ್ಟಾಕಿಗೆ ಬಾಗಿದೆ. ತಲೆ ಕುಣಿದರೆ ಕಣ್ಣೂ ಕುಣಿಯುತ್ತದೆ, ಕ್ಲೇ ಒಂದು ಕ್ಷಣ ಮಸುಕಾಗುತ್ತದೆ, ಮತ್ತೆ ಹುಡುಕಲು ಹೊತ್ತು ಬೇಕು. ಎಷ್ಟು ಪ್ರಯತ್ನಿಸಿದರೂ ಈ ಚಟಕ್ಕು ಹೋಗದಿದ್ದರೆ ಸ್ಟಾಕಿನ ಉದ್ದ, ಕೋಂಬಿನ (ಕೆನ್ನೆ ತಾಗುವ ಮೇಲಂಚಿನ) ಎತ್ತರ ನಿಮ್ಮ ಅಳತೆಗೆ ಇದೆಯೇ ಎಂದು ನೋಡಿಸಿ. ಟಾರ್ಚು ಕಾಯಿಲೆ ಹೇಳುತ್ತದೆ, ಮದ್ದು ಬಡಗಿಯ ಹತ್ತಿರ ಇರಬಹುದು. ಬಟ್ ತೋಳುಕಂಕುಳಿನ ಬಟ್ಟೆಗೆ ಸಿಕ್ಕಿ ಬೆಳಕು ಅರ್ಧದಾರಿಯಲ್ಲಿ ತಡವರಿಸುವುದೂ ಉಂಟು. ಮನೆಯ ಬನಿಯನ್ನಿನಲ್ಲಿ ಅಭ್ಯಾಸ ಮಾಡಿ ರೇಂಜಿನಲ್ಲಿ ಶೂಟಿಂಗ್ ಜಾಕೆಟ್ ಹಾಕುವವರಿಗೆ ಇದು ಖಚಿತ, ಹಾಗಾಗಿ ಮನೆಯಲ್ಲೂ ಜಾಕೆಟ್ ಹಾಕಿಯೇ ಮಾಡಿ.

ಬೆಳಕು ಗೆರೆ ಬಿಡದಂತಾದ ಮೇಲೆ ಮಾತ್ರ ಗಡಿಯಾರ. ಶಾಟ್ ಟೈಮರ್ ಅಥವಾ ಫೋನಿನ ಆ್ಯಪ್ ಯಾವುದಾದರೂ ಆದೀತು, ಆದರೆ ಎರಡು ಗುಣ ಬೇಕು: ಮೊದಲ ಬೀಪ್ ಯಾವಾಗ ಬರುತ್ತದೆಂದು ಗೊತ್ತಾಗಬಾರದು, ಎರಡನೆಯ ಬೀಪನ್ನು ನಮಗೆ ಬೇಕಾದ ಅಂತರಕ್ಕೆ ಇಡುವಂತಿರಬೇಕು. ಒಂದೇ ಅಂತರಕ್ಕೆ ಕೂಗುವ ಆ್ಯಪ್ ವೇಗ ಕಲಿಸುವುದಿಲ್ಲ, ಊಹೆ ಕಲಿಸುತ್ತದೆ. ಸ್ಕೀಟ್‌ನಲ್ಲಿ ಊಹಿಸಿ ಮೊದಲೇ ಬಟ್ ಎತ್ತಿದರೆ ರೆಫರಿ ಎಚ್ಚರಿಸುತ್ತಾರೆ. 1.2 ಸೆಕೆಂಡಿನಿಂದ ಆರಂಭಿಸಿ. ಹತ್ತರಲ್ಲಿ ಎಂಟು ಸಲ ಬೆಳಕು ಗೆರೆಯ ಮೇಲೇ ಇದ್ದು, ಎರಡನೆಯ ಬೀಪಿಗೆ ಮೊದಲು ಬಟ್ ಕೂತರೆ 0.1 ಇಳಿಸಿ. ಇಲ್ಲದಿದ್ದರೆ ಅಲ್ಲೇ ನಿಲ್ಲಿ. 0.8ರ ಸುತ್ತ ಹೆಚ್ಚಿನವರ ಬೆಳಕು ಮತ್ತೆ ಕೆಳಗೆ ಬೀಳತೊಡಗುತ್ತದೆ: ಅವಸರಕ್ಕೆ ಹಿಂದಿನ ಕೈ ಪುನಃ ಯಜಮಾನಿಕೆ ವಹಿಸಿಕೊಂಡಿದೆ ಎಂದರ್ಥ. ಒಂದು ಹೆಜ್ಜೆ ಹಿಂದೆ ಹೋಗಿ ಎರಡು ದಿನ ಅಲ್ಲೇ ಇರುವುದು ಲಾಭ.

ಫೋನನ್ನು ಗೋಡೆಯ ಕಡೆ ಮುಖಮಾಡಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್‌ನಲ್ಲಿ ಇಟ್ಟರೆ ಇನ್ನೂ ಚೆನ್ನ. ಪ್ರತಿ ಚಿತ್ರಕ್ಕೆ ಸುಮಾರು ನಾಲ್ಕು ಮಿಲಿಸೆಕೆಂಡ್. ಬೆಳಕು ಅಲುಗಿದ ಚಿತ್ರದಿಂದ ಬಟ್ ಕೂತು ಬೆಳಕು ಸಣ್ಣಗೆ ನಡುಗುವ ಚಿತ್ರದತನಕ ಎಣಿಸಿ. 168 ಚಿತ್ರ ಬಂದರೆ 0.7 ಸೆಕೆಂಡ್. ಕಣ್ಣಿಗೆ ಕಾಣದ ಸಣ್ಣ ಕೊಕ್ಕೆಯೂ ಇಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟು ಹೊಗಳಿದ ಮೇಲೆ ದೂರುಗಳು. ಮುಖ್ಯವಾದದ್ದು, ಕಣ್ಣು ಬೆಳಕಿನ ಚುಕ್ಕೆಗೆ ಅಂಟಿಕೊಳ್ಳುತ್ತದೆ. ಮೈದಾನದಲ್ಲಿ ಕಣ್ಣು ಕ್ಲೇಯ ಮೇಲಿರಬೇಕು, ಕೋವಿಯ ಬಾಯಿ ಅಂಚಿನಲ್ಲಿ ಮಸುಕಾಗಿ ಕಂಡರೆ ಸಾಕು. ಇಲ್ಲೂ ಗೆರೆಯ ಮೇಲೆ ಮುಂದಿನ ಒಂದು ಗುರುತನ್ನು ನೋಡಿ, ಬೆಳಕನ್ನು ಓರೆಗಣ್ಣಿಗೆ ಬಿಡಿ. ಕೊಡಗಿನ ಕೈಲ್ ಪೊಳ್ದ್ ಹೊತ್ತಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಪಳಗಿದವರಿಗೆ ಇದು ಇನ್ನೂ ಕಷ್ಟ. ನಿಂತ ಕಾಯಿಗೆ ಕೋವಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಬಿಡುವ ಈಡು ಅದು. ಹಾರುವ ಕ್ಲೇಗೆ ಅದೇ ಸಂಸ್ಕಾರ ತಂದರೆ ಕೋವಿ ನಿಂತ ಕ್ಷಣವೇ ಚರೆ ಹಿಂದೆ ಬೀಳುತ್ತದೆ.

ಎರಡನೆಯದು, ಟಾರ್ಚು ಮೌಂಟನ್ನಷ್ಟೇ, ಅಂದರೆ ಕೋವಿ ಭುಜಕ್ಕೇರಿಸುವುದನ್ನಷ್ಟೇ, ಕಲಿಸುತ್ತದೆ. ಕೋವಿಯ ಬಾಯನ್ನು ಎಲ್ಲಿ ಹಿಡಿದು ಕಾಯಬೇಕು, ಕಣ್ಣು ಎಲ್ಲಿ ಕಾಯಬೇಕು, ಕ್ಲೇಗಿಂತ ಎಷ್ಟು ಮುಂದೆ ಹೋಗಬೇಕು, ಇದ್ಯಾವುದೂ ಗೋಡೆಯ ಮೇಲೆ ಬರುವುದಿಲ್ಲ. ಬಾಯನ್ನು ಹೌಸಿಗೆ ತೀರ ಹತ್ತಿರ ಹಿಡಿದು ನಿಂತವನ ಮೌಂಟು ಎಷ್ಟೇ ಚೊಕ್ಕವಿರಲಿ, ಕ್ಲೇ ಅವನನ್ನು ದಾಟಿಯೇ ಹೋಗುತ್ತದೆ, ಉಳಿದದ್ದು ಬೆನ್ನಟ್ಟುವ ಕೆಲಸ. ಹೌಸಿನಿಂದ ನಡುಗೂಟದತ್ತ ಮೂರರಲ್ಲೊಂದು ಪಾಲು ದೂರದಲ್ಲಿ ಬಾಯಿ, ಅದಕ್ಕೂ ಹೌಸಿಗೂ ನಡುವೆ ಕಣ್ಣು, ಇದು ಆರಂಭಕ್ಕೆ ಒಳ್ಳೆಯ ಅಂದಾಜು. ಜೋಡಿ ಈಡಿನ ಒಣ ಅಭ್ಯಾಸಕ್ಕೂ ಒಂದು ತೊಡಕಿದೆ: ಮೊದಲ ಈಡಿನ ಒದೆತದಿಂದ ಎರಡನೆಯದಕ್ಕೆ ಸಜ್ಜಾಗುವ ಇನರ್ಷಿಯಾ ಟ್ರಿಗರಿನ ಕೋವಿಯಲ್ಲಿ ಸ್ನ್ಯಾಪ್ ಕ್ಯಾಪ್ ಮೇಲೆ ಎರಡನೆಯ ಟ್ರಿಗರ್ ಬೀಳುವುದೇ ಇಲ್ಲ. ಬಾಯಲ್ಲೇ "ಠಪ್" ಅಂದು ಮುಂದೆ ಸಾಗಿ. ಒದೆತ ಹುಟ್ಟಿಸಲೆಂದು ಬಟ್ಟನ್ನು ನೆಲಕ್ಕೆ ಕುಟ್ಟಬೇಡಿ.

ಬದಲಿಗೆ ಬೇರೇನು? ತೋಟಾದ ಆಕಾರದ ಲೇಸರ್‌ಗಳು ಟ್ರಿಗರ್ ಎಳೆದ ಕ್ಷಣ ಮಿನುಗುತ್ತವೆ. ಈಡು ಎಲ್ಲಿ ಬಿತ್ತೆಂದು ಗೊತ್ತಾಗುತ್ತದೆ, ಅಲ್ಲಿಗೆ ಹೇಗೆ ಹೋದಿರಿ ಅನ್ನುವುದು ಗೊತ್ತಾಗುವುದಿಲ್ಲ. ಬಾಯಿಗೆ ಹಾಕುವ, ಸದಾ ಉರಿಯುವ ಲೇಸರ್ ಇನ್ನಷ್ಟು ನಿಖರ, ಆದರೆ ಕಣ್ಣನ್ನು ಎಳೆದುಕೊಳ್ಳುವುದರಲ್ಲೂ ಅದೇ ಮುಂದು. ಅಗ್ಗದ ಜೂಮ್ ಟಾರ್ಚು ಆಗದೇ ಎಂದು ಕೇಳುವವರಿಗೆ: 18650 ಸೆಲ್ಲೇ 18 ಮಿಲಿಮೀಟರ್ ದಪ್ಪ, ಅದನ್ನು ಹೊತ್ತ ಟಾರ್ಚು ನಳಿಗೆಯೊಳಗೆ ಹೋಗುವ ಮಾತೇ ಇಲ್ಲ. ಡಬಲ್ ಎ ಸೆಲ್ 14.5, ತ್ರಿಬಲ್ ಎ 10.5. ತ್ರಿಬಲ್ ಎ ಸೆಲ್ಲಿನ ಪೆನ್ ಟಾರ್ಚಿಗೆ ದಪ್ಪವಾಗಿ ಟೇಪು ಸುತ್ತಿದರೆ ಕೆಲಸ ನಡೆಯುತ್ತದೆ, ಬೆಳಕು ಕಿರಿದಾಗಿರಬೇಕಷ್ಟೇ. ಮ್ಯಾಗ್‌ಲೈಟೇ ಕೊಳ್ಳುವುದಾದರೆ ಎಲ್‌ಇಡಿ ಮಾದರಿ ಕೊಳ್ಳಿ. ಹಳೆಯ ಬಲ್ಬಿನ ಮಾದರಿಯ ಬೆಳಕು ಹಳದಿ, ಉಂಗುರ ಉಂಗುರವಾಗಿ ಹರಡುತ್ತದೆ. ನಕಲಿ ಮಾಲಿನ ಅಳತೆ ಹೇಳಲಾಗುವುದಿಲ್ಲ, ವರ್ನಿಯರ್ ಹಿಡಿದು ಅಳೆದು ಕೊಳ್ಳಿ.

ಬೆಂಗಳೂರಿನಿಂದ ದೆಹಲಿಯ ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ರೇಂಜಿಗೆ ಹೋಗಿ ಅಭ್ಯಾಸ ಮಾಡುವವರಿಗೆ ಮೌಂಟಿನ ತಪ್ಪನ್ನು ಅಲ್ಲಿ ತೋಟಾ ಸುಟ್ಟು ತಿದ್ದಿಕೊಳ್ಳುವುದು ದುಬಾರಿ. ಒಂದು ಕ್ಲೇಯ ಬೆಲೆ ಎಷ್ಟೆಂದು 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿದವರಿಗೆ ಗೊತ್ತು: ಮಿಶ್ರ ಸ್ಕೀಟ್ ಕಂಚಿನ ಪಂದ್ಯದಲ್ಲಿ ಮಹೇಶ್ವರಿ ಚೌಹಾಣ್, ಅನಂತ್‌ಜೀತ್ ಸಿಂಗ್ ನರುಕಾ ಜೋಡಿ ಚೀನಾ ಎದುರು 43-44ರಲ್ಲಿ ಸೋತಿತು. ಅಮೆರಿಕದ ಕ್ಲಬ್ಬುಗಳಲ್ಲಿ ಅಲ್ಲಿನ ಸ್ಕೀಟ್ ಆಡುವ ಕನ್ನಡಿಗರಿಗೆ ಮಾತ್ರ ಇದರ ತುರ್ತು ಕಡಿಮೆ. ಅಲ್ಲಿ ಕೋವಿಯನ್ನು ಮೊದಲೇ ಭುಜಕ್ಕೇರಿಸಿಕೊಂಡು ಕರೆಯಬಹುದು, ಕರೆದೊಡನೆ ಕ್ಲೇ ಬರುತ್ತದೆ. ಟ್ರ್ಯಾಪ್‌ನವರಿಗೂ ಅಷ್ಟೇ, ಅವರು ಏರಿಸಿಕೊಂಡೇ ಕೂಗುತ್ತಾರೆ.

ಕೊನೆಗೆ ತೂಕದ ವಿಚಾರ. ಸೆಲ್ ಸೇರಿ ನೂರು ಗ್ರಾಂ ಮೀರುವ ಟಾರ್ಚು ನಳಿಗೆಯ ತುತ್ತತುದಿಯಲ್ಲಿ ಕೂತಾಗ ಕೋವಿ ಮುಂಭಾರವಾಗುತ್ತದೆ. ತೋಳು ಅದಕ್ಕೆ ಒಗ್ಗಿದರೆ ರೇಂಜಿನಲ್ಲಿ ಬಾಯಿ ಹಗುರಾಗಿ, ಬೇಕಾದ್ದಕ್ಕಿಂತ ಮುಂದೆ ಹಾರುತ್ತದೆ. ಪ್ರತಿದಿನದ ಕೊನೆಯ ಐದು ಮೌಂಟ್ ಟಾರ್ಚು ತೆಗೆದೇ ಮಾಡಿ. ಸ್ಪರ್ಧೆಗೆ ಎರಡು ದಿನ ಇರುವಾಗ ಟಾರ್ಚನ್ನು ಪೂರ್ತಿ ಬಿಡಿ, ಸೆಲ್ಲುಗಳನ್ನೂ ಹೊರಗೆ ತೆಗೆದಿಡಿ. ಒಳಗೇ ಸೋರಿದ ಆಲ್ಕಲೈನ್ ಸೆಲ್ ಅಲ್ಯುಮಿನಿಯಂ ಕೊಳವೆಗೆ ಕಚ್ಚಿಕೊಂಡರೆ ಸುತ್ತಿಗೆಯಿಂದಲೂ ಬರುವುದಿಲ್ಲ.