ಅಂತರಗಂಗೆ ‘ಸ್ಟಾರ್‌ಗೇಜಿಂಗ್ ಪ್ಲಸ್ ಕೇವ್’ ಪ್ಯಾಕೇಜ್: ದುಡ್ಡು ಕಟ್ಟೋ ಮುಂಚೆ ಓದಿ

ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ರಾತ್ರಿ ನಕ್ಷತ್ರ ನೋಡೋದು, ಗುಹೆ ಸುತ್ತೋದು ಅಂತ ತಲೆಗೆ 1,800 ರೂಪಾಯಿ ಕೀಳೋ ಆಯೋಜಕರ ಬಗ್ಗೆ ಈ ಎಚ್ಚರಿಕೆ. ಬುಕ್ಕಿಂಗ್ ಆಗಿದ್ದು ಅಮಾವಾಸ್ಯೆಯ ವಾರಾಂತ್ಯಕ್ಕೆ. ಹಿಂದಿನ ದಿನ ಮೆಸೇಜು: "ಗ್ರೂಪ್ ಫಿಲ್ ಆಗಿಲ್ಲ ಸರ್, ಎರಡು ವಾರ ಪೋಸ್ಟ್‌ಪೋನ್." ಅಮಾವಾಸ್ಯೆಗೆ ಎರಡು ವಾರ ಸೇರಿಸಿದ್ರೆ ಏನು ಬರುತ್ತೆ? ಹುಣ್ಣಿಮೆ! ಅವತ್ತು ಚಂದ್ರ ಸಂಜೆ ಹುಟ್ಟಿದ್ರೆ ಬೆಳಗಿನ ತನಕ ತಲೆ ಮೇಲೇ ಇರ್ತಾನೆ, ಮಸುಕಾದ ನಕ್ಷತ್ರ ಒಂದೂ ಉಳಿಯಲ್ಲ. ಇದನ್ನೇ ಕೇಳಿದ್ರೆ ಬಂದ ಉತ್ತರ: "ಮೂನ್‌ಲೈಟ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ ಸರ್." ದುಡ್ಡು ವಾಪಸ್ ಕೇಳಿದ್ರೆ, "ನಾನ್ ರಿಫಂಡಬಲ್. ವೆದರ್ ನಮ್ಮ ಕೈಲಿಲ್ಲ." ಹುಣ್ಣಿಮೆ ವೆದರ್ರಾ? ವರ್ಷದ ಮುಂಚೆ ಪಂಚಾಂಗದಲ್ಲಿ ಅಚ್ಚಾಗಿರುತ್ತೆ!

ಜಾಹೀರಾತಲ್ಲಿ ಆಕಾಶಗಂಗೆಯ ಹೊಳೆಯೋ ನಡುಭಾಗದ ಫೋಟೋ. ಟ್ರಿಪ್ ಇದ್ದದ್ದು ಜನವರಿಯಲ್ಲಿ. ಸೂರ್ಯನೇ ಧನು ರಾಶಿಯ ಹತ್ತಿರ ಇರೋವಾಗ ಆ ಭಾಗ ರಾತ್ರಿ ಕಾಣಿಸೋದು ಹೇಗೆ? ಜನವರಿಯಲ್ಲಿ ನೋಡಬೇಕಾದದ್ದು ಮಹಾವ್ಯಾಧ (ಓರಿಯನ್), ಕೃತ್ತಿಕೆ ಥರದ ನಕ್ಷತ್ರಗಳ ಗುಂಪು. ಅದೂ ಕತ್ತಲಿದ್ರೆ. ಕೊನೆಗೆ ಹೋಗಿ ನೋಡಿದ್ರೆ ಟೆಂಟ್ ಹಾಕಿದ್ದು ಬೆಟ್ಟದ ಬುಡದ ತೋಟದಲ್ಲಿ, ಸುತ್ತ ಫ್ಲಡ್‌ಲೈಟು, ಸ್ಪೀಕರು. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ 20–30 ನಿಮಿಷ ಬೇಕು, ಒಂದು ಸಲ ಬಿಳಿ ಲೈಟು ಬಿದ್ರೆ ಮತ್ತೆ ಮೊದಲಿಂದ. ಕತ್ತಲಿಗೆ ಹೊಂದಿದ ಕಣ್ಣನ್ನ ಅಷ್ಟಾಗಿ ಕೆಡಿಸದ ಕೆಂಪು ಟಾರ್ಚ್ ಇದೆಯಾ ಅಂದ್ರೆ ಮುಖ ನೋಡ್ತಾರೆ. ಪಕ್ಕದಲ್ಲೇ ಕೋಲಾರ ಪಟ್ಟಣ, ಪಶ್ಚಿಮಕ್ಕೆ ನರಸಾಪುರದ ಕಾರ್ಖಾನೆಗಳು, ಅದರಾಚೆ ಬೆಂಗಳೂರು, ಇವುಗಳ ಬೆಳಕಿಗೇ ಆಕಾಶ ಬೆಳ್ಳಗಾಗುತ್ತೆ. ಟೆಲಿಸ್ಕೋಪು ಅಂತ ಇಟ್ಟಿದ್ದು 60 ಮಿ.ಮೀ.ನ ಪುಟ್ಟ ಮಸೂರದ್ದು, ಸ್ಟ್ಯಾಂಡ್ ಮುಟ್ಟಿದ್ರೆ ಅಲ್ಲಾಡುತ್ತೆ. ಹುಣ್ಣಿಮೆ ಚಂದ್ರನಲ್ಲಿ ನೆರಳಿರಲ್ಲ, ಕುಳಿಗಳೂ ಸರಿಯಾಗಿ ಕಾಣಲ್ಲ. ಅದಕ್ಕೆ ಅಷ್ಟಮಿ ಆಸುಪಾಸು ಬೇಕು.

ಇನ್ನು ಗುಹೆ. ಫೋಟೋದಲ್ಲಿ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲುಗಳು. ಅವು ಆಂಧ್ರದ ಬೇಲಂ ಥರದ ಸುಣ್ಣಕಲ್ಲಿನ ಗುಹೆಗಳಲ್ಲಿ ಆಗೋದು. ಅಂತರಗಂಗೆಯಲ್ಲಿರೋದು ದೊಡ್ಡ ಬಂಡೆಗಳ ನಡುವಿನ ಸಂದುಗಳು. ಆ ಸಂದುಗಳೂ ಚೆನ್ನಾಗೇ ಇವೆ, ಸುಳ್ಳು ಹೇಳೋ ಅಗತ್ಯವೇ ಇರಲಿಲ್ಲ! ಫೋಟೋ ತೋರಿಸಿ ಕೇಳಿದ್ದಕ್ಕೆ, "ಅದು ರೆಫರೆನ್ಸ್ ಇಮೇಜ್ ಸರ್." ರೆಫರೆನ್ಸ್ ಇಮೇಜಂತೆ. ನಂಬಿ ಮನೆಯವರನ್ನೂ ನೆಂಟರನ್ನೂ ಕರ್ಕೊಂಡು ಬಂದವರು ಅವರ ಮುಂದೆ ಹೇಗೆ ಮುಖ ಎತ್ತೋದು?

ಇಡೀ ಗುಂಪಿಗೆ ಗೈಡ್ ಒಬ್ಬ, ಹೆಲ್ಮೆಟ್ ಇಲ್ಲ, "ಮೊಬೈಲ್ ಟಾರ್ಚ್ ಸಾಕು." ಸಾಕಾಗಲ್ಲ! ಸಂದಿನಲ್ಲಿ ತೆವಳೋಕೆ ಎರಡೂ ಕೈ ಬೇಕು. ಫೋನ್ ಬಂಡೆ ಮಧ್ಯೆ ಜಾರಿದ್ರೆ ಬೆಳಕೂ ಹೋಯ್ತು, ಸಹಾಯಕ್ಕೆ ಕರೆ ಮಾಡೋ ದಾರಿಯೂ ಹೋಯ್ತು. ಪ್ರತಿಯೊಬ್ಬರಿಗೂ ಹೆಡ್‌ಲ್ಯಾಂಪ್, ಜೊತೆಗೆ ಇನ್ನೊಂದು ಟಾರ್ಚು, ಗದ್ದದ ಪಟ್ಟಿ ಇರೋ ಹೆಲ್ಮೆಟ್ಟು ಬೇಕು. ಮುಂದೊಬ್ಬ, ಕೊನೆಗೊಬ್ಬ ಗೈಡ್ ಇರಲೇಬೇಕು. ಜನ ಓಡಾಡಿ ನುಣುಪಾದ ಕಲ್ಲು ಇಬ್ಬನಿಗೆ ಇನ್ನೂ ಜಾರುತ್ತೆ. ಇವರೋ ಗುಹೆ ಬಾಯಲ್ಲಿ ಬೆಂಕಿ ಹಾಕೋಣ ಅಂತಿದ್ರು. ಹೊಗೆಗೆ ಬಾವಲಿ ಏಳುತ್ತವೆ, ಹೆಜ್ಜೇನು ಇದ್ರೆ ಮುಗೀತು.

ದುಡ್ಡು ಕಟ್ಟೋ ಮುಂಚೆ ತಿಥಿ ನೋಡಿ. ತಾರೀಖು ಬದಲಾದ್ರೆ ಪೂರ್ತಿ ಹಣ ವಾಪಸ್ ಅಂತ ಬರಹದಲ್ಲಿ ತಗೊಳ್ಳಿ. ಅರಣ್ಯ ಇಲಾಖೆ ಅನುಮತಿಯ ಪ್ರತಿ ಕೇಳಿ. ನಮ್ಮ ಆಯೋಜಕ ಅದನ್ನು ಕೇಳಿದ ತಕ್ಷಣ "ಲೋಕಲ್‌ನಲ್ಲಿ ಎಲ್ಲ ಮಾತಾಡಿದ್ದೀವಿ ಸರ್" ಅಂದ, ಹಣ ವಾಪಸ್ ಕೇಳಿದ ಮೇಲೆ ನಂಬರನ್ನೇ ಬ್ಲಾಕ್ ಮಾಡಿದ.